ಜಾರಿನ ತಳದ ನೀರು: ಮಿಕ್ಸಿಯ ಶುಚಿ ಮತ್ತು ಪಾಲನೆ ಕುರಿತು ಒಂದು ಸಂವಾದ

ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳಲ್ಲಿಯೂ, ಎಂದರೆ ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ದಾಟಿ ಕೃಷ್ಣರಾಜಪುರದವರೆಗೆ, ಮನೆಮಾತು ಕನ್ನಡವಾಗಿರಲಿ, ತಮಿಳು, ತೆಲುಗು, ದಖನಿ ಉರ್ದುವಾಗಿರಲಿ, ಮಿಕ್ಸಿಯಿಲ್ಲದ ಅಡುಗೆಮನೆಯನ್ನು ಕಾಣುವುದು ಅಪರೂಪ. ಈ ಯಂತ್ರದಲ್ಲಿ ಏನನ್ನು ಹೇಗೆ ರುಬ್ಬಬೇಕೆಂಬುದನ್ನು ಪಾಕಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆಯಾದರೂ, ಅದನ್ನು ತೊಳೆದು ಕಾಪಾಡುವ ವಿಚಾರ ಕಂಪನಿಯ ಕೈಪಿಡಿಯ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಕೈಪಿಡಿಯೋ ರಟ್ಟಿನ ಪೆಟ್ಟಿಗೆಯೊಂದಿಗೆ ಮೊದಲ ದಿನವೇ ಅಟ್ಟ ಸೇರಿರುತ್ತದೆ. ಮುಂದಿನ ಸಂವಾದದಲ್ಲಿ ಕೇಳುವವರು ಬಹುಕಾಲ ಮನೆ ನಡೆಸಿದ ಅನುಭವಸ್ಥರು. ಹೇಳುವವರು ವಿದ್ಯುತ್ ಮೋಟಾರುಗಳ ಕೆಲಸವನ್ನು ಬಲ್ಲವರು.

ಕೇಳುವವರು: ಮಿಕ್ಸಿಯನ್ನು ಪಾತ್ರೆಯೆಂದು ಎಣಿಸಬೇಕೇ ಅಥವಾ ಯಂತ್ರವೆಂದು ಎಣಿಸಬೇಕೇ? ಪಾತ್ರೆಯಾದರೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು, ಯಂತ್ರವಾದರೆ ನೀರನ್ನು ಹತ್ತಿರ ಸೇರಿಸಬಾರದು. ಒಂದೇ ವಸ್ತುವಿಗೆ ಈ ಎರಡು ಉಪಚಾರ ಹೇಗೆ ಒಗ್ಗುತ್ತದೆ?

ಹೇಳುವವರು: ಮೇಲಿನ ಅರ್ಧ ಪಾತ್ರೆ, ಕೆಳಗಿನ ಅರ್ಧ ಯಂತ್ರ, ಎರಡೂ ಕೂಡುವ ಜಾಗವೇ ತೊಂದರೆಯ ಮೂಲ. ಜಾರಿನ ತಳದ ನಡುವೆ ಒಂದು ತೂತಿದ್ದು, ಅದರೊಳಗೆ ಲೋಹದ ಒಂದು ಸಣ್ಣ ಕೊಳವೆಯನ್ನು ಕೂರಿಸಿರುತ್ತಾರೆ. ಇದಕ್ಕೆ ರಿಪೇರಿಯವರು ಬುಶ್ ಎನ್ನುತ್ತಾರೆ. ಬ್ಲೇಡನ್ನು ಹೊತ್ತ ಉಕ್ಕಿನ ಕಡ್ಡಿ ಈ ಬುಶ್ಶಿನೊಳಗೆ ತಿರುಗುತ್ತದೆ, ಕಡ್ಡಿಯ ಕೆಳತುದಿಗೆ ಕಪ್ಲರ್ ಎಂಬ ಹಲ್ಲುಳ್ಳ ಬಿಲ್ಲೆ ಇರುತ್ತದೆ, ಬಾಡಿಯ, ಎಂದರೆ ಮೋಟಾರಿರುವ ಕೆಳಭಾಗದ, ಮೇಲಿರುವ ಇನ್ನೊಂದು ಕಪ್ಲರ್ ಮೋಟಾರಿನ ತಿರುಗುವಿಕೆಯನ್ನು ಇದಕ್ಕೆ ದಾಟಿಸುತ್ತದೆ. ಜಾರಿನಲ್ಲಿರುವ ಚಟ್ನಿಗೂ ಕೆಳಗಿನ ಕಪ್ಲರ್‌ಗೂ ನಡುವೆ ತಡೆಯಾಗಿ ನಿಲ್ಲುವುದು ಒಂದು ಸಣ್ಣ ರಬ್ಬರು ಸೀಲು ಮತ್ತು ಕಡ್ಡಿಗೂ ಬುಶ್ಶಿಗೂ ಇರುವ ಕೂದಲೆಳೆಯ ಅಂತರ, ಅಷ್ಟೇ. ಮನೆಯಲ್ಲಿ ಕೆಟ್ಟಿತೆಂದು ಬದಿಗಿಟ್ಟ ಮಿಕ್ಸಿಗಳಲ್ಲಿ ಅನೇಕವುಗಳ ಮೋಟಾರು ಚೆನ್ನಾಗಿಯೇ ಇರುತ್ತದೆ. ಸತ್ತಿರುವುದು ಈ ಬುಶ್.

ಕೇಳುವವರು: ಕಬ್ಬಿಣದಂಥ ಗಟ್ಟಿ ಪದಾರ್ಥ ಅಷ್ಟು ಬೇಗ ಕೆಡಲು ಕಾರಣವೇನು?

ಹೇಳುವವರು: ಅನೇಕ ಜಾರುಗಳಲ್ಲಿ ಬುಶ್ ಎರಕ ಹೊಯ್ದ ಗಟ್ಟಿ ಲೋಹವಾಗಿರುವುದಿಲ್ಲ. ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗದಷ್ಟು ಮಾತ್ರ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಇದರಿಂದ ಅದರ ಮೈಯೆಲ್ಲ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿಂದ ತುಂಬಿದ್ದು, ಕಾರ್ಖಾನೆಯಲ್ಲಿಯೇ ಆ ರಂಧ್ರಗಳಿಗೆ ಎಣ್ಣೆಯನ್ನು ಊಡಿಸಿರುತ್ತಾರೆ. ಕಡ್ಡಿ ತಿರುಗಿ ಬಿಸಿಯಾದಾಗ ಈ ಎಣ್ಣೆ ಹೊರಗೆ ಜಿನುಗಿ ಜಾರುವಿಕೆಯನ್ನು ಕೊಡುತ್ತದೆ, ತಣ್ಣಗಾದಾಗ ಮತ್ತೆ ಒಳಗೆ ಸೇರುತ್ತದೆ. ಹೊರಗಿನಿಂದ ಎಣ್ಣೆ ಬಿಡುವ ಅಗತ್ಯವೇ ಬರಬಾರದೆಂಬುದು ಇದರ ಉದ್ದೇಶ. ರಾತ್ರಿ ಊಟವಾದ ಮೇಲೆ ಜಾರಿಗೆ ಬಿಸಿನೀರು, ಸೋಪು ಹಾಕಿ, ಬೆಳಗ್ಗೆ ತೊಳೆದರಾಯಿತೆಂದು ಸಿಂಕಿನಲ್ಲಿ ಬಿಟ್ಟರೆ, ಆ ಸೋಪಿನ ನೀರು ಸವೆದ ಸೀಲನ್ನು ದಾಟಿ ಬುಶ್ಶಿನೊಳಗಿನ ಎಣ್ಣೆಯನ್ನು ತೊಳೆದು ತೆಗೆಯುತ್ತದೆ. ಆಮೇಲೆ ಕಡ್ಡಿ ಒಣಲೋಹದ ಮೇಲೆ ತಿಕ್ಕುತ್ತದೆ. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನ ವೇಗದಲ್ಲಿ ನಡೆಯುವ ಒಣ ತಿಕ್ಕಾಟವನ್ನು ಯಾವ ಲೋಹವೂ ಬಹಳ ದಿನ ತಾಳದು.

ಕೇಳುವವರು: ಜಾರನ್ನು ಎತ್ತಿದಾಗ ಬಾಡಿಯ ಮೇಲೆ ಕಾಣುವ ಕಪ್ಪು ನೀರು ಇದರಿಂದಲೇ ಬರುತ್ತದೆಯೇ? ಬಹಳ ಮನೆಗಳಲ್ಲಿ ಅದನ್ನು ಒರೆಸಿಬಿಟ್ಟು ಕೆಲಸ ಮುಂದುವರಿಸುವ ರೂಢಿಯಿದೆ.

ಹೇಳುವವರು: ಇದರಿಂದಲೇ. ಸವೆದ ಲೋಹದ ಪುಡಿ, ಸುಟ್ಟ ಎಣ್ಣೆ ಮತ್ತು ಮೇಲಿನಿಂದ ಇಳಿದ ಆಹಾರದ ರಸ ಕೂಡಿ ಆ ಕಪ್ಪಾಗುತ್ತದೆ. ಜಾರಿನ ರಸ ಕೆಳಗಿಳಿಯುವ ದಾರಿ ತೆರೆದಿದೆಯೆಂದರೆ ಕೆಳಗಿನ ಕೊಳೆ ಮೇಲಕ್ಕೆ ಬರುವ ದಾರಿಯೂ ತೆರೆದಿದೆಯೆಂದೇ ಅರ್ಥ. ಆದ್ದರಿಂದ ಒರೆಸಿ ಮುಂದುವರಿಯುವ ರೂಢಿ ಒಳ್ಳೆಯದಲ್ಲ. ಕಪ್ಪು ಕಾಣುವ ಮೊದಲೇ ದೋಷವನ್ನು ಪತ್ತೆಹಚ್ಚಲು ಸುಲಭವಾದ ಪರೀಕ್ಷೆಯೊಂದಿದೆ. ತೊಳೆದ ಜಾರಿನ ತಳವನ್ನು ಚೆನ್ನಾಗಿ ಒರೆಸಿ, ಒಳಗೆ ಎರಡು ಬೆರಳಿನಷ್ಟು ನೀರು ಹಾಕಿ, ಹಳೆಯ ದಿನಪತ್ರಿಕೆಯ ಮೇಲೆ ಹತ್ತು ನಿಮಿಷ ಇಡಬೇಕು. ಕಾಗದದ ಮೇಲೆ ಒದ್ದೆಯ ಉಂಗುರ ಮೂಡಿದರೆ ಸೀಲು ಹೋಗಿದೆ. ಬಳಿಕ ಜಾರನ್ನು ಬರಿದು ಮಾಡಿ ಮಗುಚಿ ಕಪ್ಲರನ್ನು ಬೆರಳಿನಿಂದ ತಿರುಗಿಸಿ ನೋಡಬೇಕು: ಅದು ತಡೆಯಿಲ್ಲದೆ ತಿರುಗಬೇಕು, ಆದರೆ ಅಕ್ಕಪಕ್ಕಕ್ಕೆ ಅಲ್ಲಾಡಬಾರದು. ತಿರುಗಲು ಬಿಗಿಯಾದರೆ ಒಳಗೆ ಕೊಳೆ ಕಚ್ಚಿಕೊಂಡಿದೆ, ಅಲ್ಲಾಡಿದರೆ ಬುಶ್ ಸವೆದಿದೆ.

ಕೇಳುವವರು: ಹಾಗಾದರೆ ದಿನನಿತ್ಯ ತೊಳೆಯುವ ಸರಿಯಾದ ಕ್ರಮವೇನು?

ಹೇಳುವವರು: ಅರೆದುದನ್ನು ಬಳಿದು ತೆಗೆದ ಕೂಡಲೇ, ಅಂಟು ಒಣಗುವ ಮೊದಲು, ಜಾರಿನ ಕಾಲು ಭಾಗಕ್ಕೆ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಮುಚ್ಚಳವನ್ನು ಒತ್ತಿ ಹಿಡಿದು, ಕಡಿಮೆ ವೇಗದಲ್ಲಿ ಹತ್ತು ಹದಿನೈದು ಸೆಕೆಂಡು ತಿರುಗಿಸಿ ಚೆಲ್ಲಿದರೆ, ಬ್ಲೇಡಿನ ಅಡಿಯಲ್ಲಿ ಬೆರಳು ಹೋಗದ ಕಡೆ ಸಿಕ್ಕಿಕೊಂಡ ಉದ್ದಿನ ಹಿಟ್ಟು, ತೆಂಗಿನ ನಾರು ಎಲ್ಲವೂ ಬಿಟ್ಟುಕೊಳ್ಳುತ್ತವೆ, ಸೋಪಿಲ್ಲದ ನೀರಿನಲ್ಲಿ ಇನ್ನೊಮ್ಮೆ ತಿರುಗಿಸಿದರೆ ಆಯಿತು. ಹೊರಮೈಯನ್ನು ಉಜ್ಜುವಾಗ ತಳದ ಬಳೆಯೊಳಗೆ ನಲ್ಲಿಯ ನೀರು ನೇರವಾಗಿ ಬೀಳದಂತೆ ನೋಡಿಕೊಂಡು, ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಬಳಸುವುದು ಲೇಸು. ಜಾರನ್ನು ಬೋರಲು ಹಾಕುವ ಮುನ್ನ ತಳವನ್ನು ಒಣಬಟ್ಟೆಯಿಂದ ಒರೆಸುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ಬೋರಲು ಹಾಕಿದಾಗ ತಳದ ಬಳೆಯೇ ಮೇಲಾಗಿ, ಅಲ್ಲಿ ನಿಂತ ನೀರು ಕಪ್ಲರ್‌ನ ಸುತ್ತ ಕೆರೆ ಕಟ್ಟಿಕೊಂಡು ಬುಶ್ಶಿನೊಳಗೆ ಇಳಿಯುತ್ತದೆ. ಒದ್ದೆ ಜಾರಿಗೆ ಮುಚ್ಚಳ ಬಿಗಿದಿಟ್ಟರೆ ಮರುದಿನ ಮುಗ್ಗಲು ವಾಸನೆ ಹೊಡೆಯುವುದು ಎಲ್ಲರಿಗೂ ತಿಳಿದದ್ದೇ.

ಕೇಳುವವರು: ಕೃಷ್ಣರಾಜಪುರದ ಕಡೆಯ ಮನೆಗಳಲ್ಲಿ ಎಷ್ಟು ಉಜ್ಜಿದರೂ ಜಾರಿನ ಒಳಗೋಡೆಯಲ್ಲಿ ಬಿಳಿಯ ಪೊರೆ ಉಳಿಯುತ್ತದೆ. ಅದು ಸೋಪಿನ ದೋಷವೇ?

ಹೇಳುವವರು: ನೀರಿನ ದೋಷ. ಆ ಭಾಗದ ಅನೇಕ ಬಡಾವಣೆಗಳು ದಶಕಗಳ ಕಾಲ ಬಹುಮಟ್ಟಿಗೆ ಕೊಳವೆಬಾವಿ ಮತ್ತು ಟ್ಯಾಂಕರುಗಳ ಮೇಲೆ ನಿಂತಿದ್ದವು. ಇಂಥ ಹೊರವಲಯಗಳಿಗೆ ನದಿನೀರು ಒದಗಿಸುವ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಆಳದ ಬಂಡೆಗಳ ನಡುವಿನಿಂದ ಬರುವ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಸುಣ್ಣದ ಪೊರೆಯಾಗಿ ಉಳಿಯುತ್ತವೆ. ಸುಣ್ಣವನ್ನು ಕರಗಿಸುವುದು ಹುಳಿ, ಆದ್ದರಿಂದ ತಾಮ್ರದ ಚೊಂಬಿಗೆ ಬಳಸುವ ಹುಣಸೆಹಣ್ಣೇ ಇಲ್ಲಿಗೂ ಸಾಕು: ಸಾರಿಗೆ ಹಿಂಡಿ ಉಳಿದ ಹುಣಸೆಯನ್ನು ಒಳಗೋಡೆಗೆ ಸವರಿ ಹತ್ತು ನಿಮಿಷ ಬಿಟ್ಟು ತೊಳೆದರೆ ಪೊರೆ ಹೋಗುತ್ತದೆ. ಆದರೆ ಹುಳಿಯನ್ನು ರಾತ್ರಿಯಿಡೀ ಬಿಡುವುದು, ಅದರಲ್ಲಿಯೂ ಬ್ಲೀಚಿಂಗ್ ದ್ರವವನ್ನು ಸ್ಟೀಲಿನ ಮೇಲೆ ಸುರಿಯುವುದು ತರವಲ್ಲ. ಬ್ಲೀಚಿನ ಕ್ಲೋರಿನ್ ಅಂಶ ಸ್ಟೀಲಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳನ್ನು ಮಾಡುತ್ತದೆ.

ಕೇಳುವವರು: ವಾಸನೆಯ ವಿಚಾರವೇನು? ಶಿವಾಜಿನಗರದ ಮನೆಗಳಲ್ಲಿ ಶುಂಠಿ ಬೆಳ್ಳುಳ್ಳಿ ಅರೆದ ಜಾರಿನಲ್ಲಿ ಮಾರನೆಯ ದಿನ ಹಾಲಿನ ಪಾನಕ ಮಾಡಿದರೆ ಬೆಳ್ಳುಳ್ಳಿಯೇ ಮುಂದಾಗಿರುತ್ತದೆ.

ಹೇಳುವವರು: ಸ್ಟೀಲು ವಾಸನೆಯನ್ನು ಹೀರುವುದಿಲ್ಲ, ಅದನ್ನು ಹಿಡಿದಿಡುವುದು ಮುಚ್ಚಳದ ರಬ್ಬರು ಗ್ಯಾಸ್ಕೆಟ್. ಬೆಳ್ಳುಳ್ಳಿಯ ತೈಲಾಂಶ ರಬ್ಬರಿನೊಳಗೆ ಇಳಿಯುತ್ತದೆ, ಗ್ಯಾಸ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಅರೆದ ಮಸಾಲೆ ಕುಳಿತು ಹಳಸುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ಬಿಡಿಸಿ ತೊಳೆದು, ನೆರಳಿನಲ್ಲಿ ಗಾಳಿಗೆ ಒಣಗಿಸಿ ಮತ್ತೆ ಕೂರಿಸಬೇಕು. ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಬೇಕು. ಅರಿಶಿನದ ಹಳದಿ ಹಿಡಿದ ಪ್ಲಾಸ್ಟಿಕ್ ಮುಚ್ಚಳಕ್ಕೆ ಮಾತ್ರ ಬಿಸಿಲೇ ಮದ್ದು, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.

ಕೇಳುವವರು: ಬ್ಲೇಡು ಮೊಂಡಾದಾಗ ಕಲ್ಲುಪ್ಪನ್ನು ಹಾಕಿ ತಿರುಗಿಸಿದರೆ ಹರಿತವಾಗುತ್ತದೆಂದು ಮನೆಮನೆಯಲ್ಲಿ ಹೇಳುತ್ತಾರೆ. ಕೆಲವರು ಮೊಟ್ಟೆಯ ಚಿಪ್ಪನ್ನೂ ಹಾಕುತ್ತಾರೆ.

ಹೇಳುವವರು: ಒಂದು ವಸ್ತುವನ್ನು ಹರಿತಗೊಳಿಸಬೇಕಾದರೆ ಅದಕ್ಕಿಂತ ಗಟ್ಟಿಯಾದ ವಸ್ತು ಬೇಕು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯಲು ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಅಳತೆಯಲ್ಲಿ ಉಪ್ಪಿನ ಸ್ಥಾನ ಸುಮಾರು ಎರಡೂವರೆ, ಮೊಟ್ಟೆಯ ಚಿಪ್ಪಿನ ಮುಖ್ಯ ಅಂಶವಾದ ಕ್ಯಾಲ್ಸೈಟಿನ ಸ್ಥಾನ ಮೂರು, ಬ್ಲೇಡಿನ ಉಕ್ಕು ಐದಕ್ಕಿಂತ ಮೇಲೆ. ಮೆತ್ತನೆಯದು ಗಟ್ಟಿಯಾದುದನ್ನು ಸಾಣೆ ಹಿಡಿಯಲಾರದು. ಉಪ್ಪಿನ ಹರಳುಗಳು ಬ್ಲೇಡಿಗೆ ಅಂಟಿದ ಕೊಳೆಯನ್ನು ಉಜ್ಜಿ ತೆಗೆಯುವುದರಿಂದ ಮರುದಿನ ಚಟ್ನಿ ಸ್ವಲ್ಪ ಬೇಗ ನುಣ್ಣಗಾಗಬಹುದು, ಆ ಯಶಸ್ಸನ್ನು ಹರಿತದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಉಪ್ಪಿನ ಪುಡಿ ಬುಶ್ಶಿನೊಳಗೆ ಇಳಿದು ತುಕ್ಕು ಹಿಡಿಸುವುದೊಂದೇ ಇಲ್ಲಿ ಖಚಿತವಾದ ಫಲ. ಅಲ್ಲದೆ, ಮಿಕ್ಸಿಯ ಬ್ಲೇಡು ಈಳಿಗೆಮಣೆ ಹೆಚ್ಚುವ ರೀತಿಯಲ್ಲಿ ಕೆಲಸ ಮಾಡುವುದಿಲ್ಲ. ಅತಿವೇಗದ ಹೊಡೆತದಿಂದಲೂ, ಪದಾರ್ಥವನ್ನು ಸುಳಿಯಾಗಿ ಎಳೆದು ಮತ್ತೆ ಮತ್ತೆ ಬ್ಲೇಡಿನ ದಾರಿಗೆ ತರುವುದರಿಂದಲೂ ಅದು ನುಣುಪು ಮಾಡುತ್ತದೆ. ರುಬ್ಬುವುದು ತಡವಾಗುತ್ತಿದ್ದರೆ ನೀರು ಕಡಿಮೆಯಾಗಿ ಸುಳಿ ಏಳುತ್ತಿಲ್ಲವೋ, ಜಾರನ್ನು ಕಂಠದವರೆಗೆ ತುಂಬಿದ್ದಾರೋ ಎಂದು ಮೊದಲು ನೋಡಬೇಕು. ನಿಜವಾಗಿಯೂ ಸವೆದ ಬ್ಲೇಡನ್ನು ಬದಲಿಸುವುದೇ ದಾರಿ.

ಕೇಳುವವರು: ಜಾರಿನಷ್ಟೇ ಗಮನ ಮೋಟಾರಿಗೂ ಬೇಕಲ್ಲವೇ? ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ತಯಾರಾದ ಮೋಟಾರುಗಳು ದಶಕಗಟ್ಟಲೆ ಓಡಿದವೆಂದು ಪೂರ್ವ ಬೆಂಗಳೂರಿನ ಹಿರಿಯರು ಹೇಳುವುದುಂಟು. ಮಿಕ್ಸಿಯ ಮೋಟಾರು ಮಾತ್ರ ಐದು ನಿಮಿಷಕ್ಕೇ ಬಿಸಿಯಾಗುವುದೇಕೆ?

ಹೇಳುವವರು: ಎರಡೂ ಬೇರೆ ಜಾತಿಯವು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ನಡೆದು 2002ರಲ್ಲಿ ಮುಚ್ಚಿದ ಆ ಸರ್ಕಾರಿ ಕಾರ್ಖಾನೆ ತಯಾರಿಸುತ್ತಿದ್ದುದು ಇಂಡಕ್ಷನ್ ಮೋಟಾರುಗಳನ್ನು. ಅಂದರೆ ತಿರುಗುವ ಭಾಗಕ್ಕೆ ತಂತಿಯ ಸಂಪರ್ಕವೇ ಇಲ್ಲದೆ, ಸುತ್ತಲಿನ ಕಾಂತಕ್ಷೇತ್ರದ ಪ್ರೇರಣೆಯಿಂದಲೇ ತಿರುಗುವ ಮೋಟಾರುಗಳನ್ನು. ಅವುಗಳಲ್ಲಿ ಉಜ್ಜಿ ಸವೆಯುವ ಭಾಗ ಬಹಳ ಕಡಿಮೆ, ಆದ್ದರಿಂದ ಆಯುಸ್ಸು ಹೆಚ್ಚು. ಆದರೆ ಸೆಕೆಂಡಿಗೆ 50 ಆವರ್ತದ ವಿದ್ಯುತ್ತಿನಲ್ಲಿ ಅಂಥ ಮೋಟಾರು ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು, ಆ ವೇಗದಲ್ಲಿ ತೆಳುವಾದ ಬ್ಲೇಡಿನಿಂದ ಒಣಮೆಣಸಿನಕಾಯಿ ನುಣ್ಣಗಾಗದು. ಮಿಕ್ಸಿಯಲ್ಲಿರುವುದು ಯೂನಿವರ್ಸಲ್ ಮೋಟಾರು: ತಿರುಗುವ ಆರ್ಮೇಚರಿನ ತಾಮ್ರದ ಪಟ್ಟಿಗಳಿಗೆ ಎರಡು ಕಾರ್ಬನ್ ತುಂಡುಗಳು ಒತ್ತಿಕೊಂಡು ವಿದ್ಯುತ್ತನ್ನು ದಾಟಿಸುತ್ತವೆ, ವೇಗ 18,000 ಸುತ್ತನ್ನು ಮುಟ್ಟುತ್ತದೆ, ಆ ವೇಗಕ್ಕೆ ಬೆಲೆಯಾಗಿ ಶಾಖ, ಸದ್ದು ಮತ್ತು ಸವೆತ ಬರುತ್ತವೆ. ಕಾರ್ಬನ್ ತುಂಡು ಹಲಗೆಯ ಮೇಲಿನ ಬಳಪದಂತೆ ಬಳಸಿದಷ್ಟೂ ಸವೆಯುತ್ತದೆ. ಅದು ಉಜ್ಜುವಲ್ಲಿ ಏಳುವ ಕಿಡಿಗಳೇ ಹಿಂದೆ ಬೆಳಗಿನ ಆಕಾಶವಾಣಿ ಕಾರ್ಯಕ್ರಮದ ಮಧ್ಯೆ ಕರಕರ ಸದ್ದಾಗಿ ಕೇಳಿಸುತ್ತಿದ್ದವು.

ಕೇಳುವವರು: ಪಾಶ್ಚಾತ್ಯರ ಬ್ಲೆಂಡರಿಗೂ ಇದೇ ಮೋಟಾರಲ್ಲವೇ?

ಹೇಳುವವರು: ಜಾತಿ ಒಂದೇ, ಹೊರೆ ಬೇರೆ. 1922ರಲ್ಲಿ ಅಮೆರಿಕದ ಸ್ಟೀಫನ್ ಪಾಪ್ಲಾವ್ಸ್ಕಿ ಬ್ಲೆಂಡರಿನ ಮೊದಲ ರೂಪವನ್ನು ಕಲ್ಪಿಸಿದ್ದು ಸೋಡಾ ಅಂಗಡಿಗಳಲ್ಲಿ ಮಾಲ್ಟ್ ಬೆರೆಸಿದ ಹಾಲನ್ನು ಕಲಕಲೆಂದು. ನೆನೆಸಿದ ಉದ್ದು, ಕೊಬ್ಬರಿ, ಧನಿಯಾಗಳ ಮುಂದೆ ಅಂಥ ಯಂತ್ರ ಕೈಚೆಲ್ಲುವುದು ಸಹಜವೇ. 1960ರ ದಶಕದಲ್ಲಿ ಮುಂಬಯಿಯ ಸೀಮೆನ್ಸ್‌ನಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಅವರು, ಪತ್ನಿಯ ವಿದೇಶಿ ಮಿಕ್ಸರು ಭಾರತದ ಅಡುಗೆಯ ಹೊರೆಯಲ್ಲಿ ಕೆಟ್ಟುನಿಂತದ್ದನ್ನು ಕಂಡು, ಬಲವಾದ ಮೋಟಾರಿನ ಸುಮೀತ್ ಮಿಕ್ಸಿಯನ್ನು ರೂಪಿಸಿದ ಕಥೆ ಪ್ರಸಿದ್ಧವಾಗಿದೆ. ಮೋಟಾರಿನ ಬಲ ಹೆಚ್ಚಿದರೂ ವಿಶ್ರಾಂತಿಯ ಅಗತ್ಯ ಹೋಗಲಿಲ್ಲ. ಇಂದಿಗೂ ಅನೇಕ ಕೈಪಿಡಿಗಳಲ್ಲಿ ಮೋಟಾರನ್ನು 30 ನಿಮಿಷದ ರೇಟಿಂಗಿನದೆಂದು ಹೇಳಿ, ಐದು ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸುವ ಕ್ರಮವನ್ನು ವಿಧಿಸಿರುತ್ತಾರೆ.

ಕೇಳುವವರು: ಶಾಲೆಯ ವ್ಯಾನು ಬೀದಿಯ ತಿರುವಿನಲ್ಲಿ ಹಾರ್ನ್ ಮಾಡುತ್ತಿರುವಾಗ ಮೋಟಾರಿಗೆ ವಿಶ್ರಾಂತಿ ಕೊಡಿ ಎನ್ನುವುದು ಕೈಪಿಡಿ ಬರೆದವರಿಗೆ ಸುಲಭ, ಚಟ್ನಿ ರುಬ್ಬುವವರಿಗಲ್ಲ.

ಹೇಳುವವರು: ಆಕ್ಷೇಪ ನ್ಯಾಯವಾದದ್ದು. ಆದರೆ ಒಂದು ಚಟ್ನಿಗೆ ಐದು ನಿಮಿಷ ಬೇಕಾಗುವುದೇ ಇಲ್ಲ. ಮೋಟಾರು ಬೇಯುವುದು ಇಡ್ಲಿ ಹಿಟ್ಟನ್ನು ಒಂದಾದಮೇಲೊಂದು ಜಾರಿನಂತೆ ರುಬ್ಬುವಾಗ ಮತ್ತು ಹಬ್ಬದ ಮುನ್ನಾದಿನ ಕಿಲೋಗಟ್ಟಲೆ ಸಾರಿನಪುಡಿ ಮಾಡುವಾಗ. ಹಲಸೂರಿನ ತಮಿಳು ಮೂಲದ ಮನೆಗಳಲ್ಲಿ ಹಿಟ್ಟಿಗೆ ಕೊಯಮತ್ತೂರಿನ ಕಲ್ಲಿನ ಗ್ರೈಂಡರನ್ನು, ಚಟ್ನಿಗೆ ಮಿಕ್ಸಿಯನ್ನು ಬಳಸುವ ವಿಂಗಡಣೆ ಮೊದಲಿನಿಂದಲೂ ಇದೆ, ಅದು ಬುದ್ಧಿವಂತಿಕೆಯ ವಿಂಗಡಣೆ. ನಿಧಾನವಾಗಿ ತಿರುಗುವ ಗ್ರೈಂಡರು ಹಿಟ್ಟನ್ನೂ ಬಿಸಿ ಮಾಡುವುದಿಲ್ಲ. ಕಿಲೋಗಟ್ಟಲೆ ಪುಡಿಗೆ, ಅದರಲ್ಲಿಯೂ ಅರಿಶಿನದ ಕೊಂಬಿಗೆ, ಬೀದಿಯ ಹಿಟ್ಟಿನ ಗಿರಣಿಯೇ ಸರಿ.

ಕೇಳುವವರು: ಬಾಡಿಯ ಶುಚಿ ಹೇಗೆ?

ಹೇಳುವವರು: ಪ್ಲಗ್ಗನ್ನು ಕಿತ್ತು, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕು, ನೀರು ಸುರಿಯುವ ಮಾತೇ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಗಾಳಿ. ಬಾಡಿಯ ತಳದಲ್ಲಿರುವ ಸೀಳುಗಳ ಮೂಲಕ ಮೋಟಾರಿನ ಫ್ಯಾನು ಗಾಳಿಯನ್ನು ಆಡಿಸುತ್ತದೆ. ಸದ್ದು ಕಡಿಮೆಯಾಗಲೆಂದು ಕೆಳಗೆ ಟವೆಲನ್ನು ಮಡಿಸಿ ಇಡುವುದು, ರುಬ್ಬಿದ ತಕ್ಷಣ ಕಸೂತಿಯ ಕವರನ್ನು ಹೊದಿಸುವುದು ಮೋಟಾರಿನ ಉಸಿರು ಕಟ್ಟಿಸುವ ಕೆಲಸಗಳು. ಜಿರಳೆಗಳು ಬೆಚ್ಚಗಿನ ಜಾಗವನ್ನು ಹುಡುಕಿಕೊಂಡು ಇದೇ ಸೀಳುಗಳಿಂದ ಒಳಹೊಕ್ಕು ಸ್ವಿಚ್ಚಿನ ಬಳಿ ಮನೆ ಮಾಡುತ್ತವೆ, ಆದ್ದರಿಂದ ಬಾಡಿಯ ಮೇಲೆ ಚೆಲ್ಲಿದ ಹಿಟ್ಟನ್ನು ರಾತ್ರಿ ಒರೆಸದೆ ಬಿಡಬಾರದು. ಆಯುಧಪೂಜೆಗೆ ವರ್ಷಕ್ಕೊಮ್ಮೆ ಮಿಕ್ಸಿಗೂ ಸ್ನಾನ, ಕುಂಕುಮಗಳು ಸಲ್ಲುತ್ತವೆ. ಕುಂಕುಮದ ನೀರು ಸ್ವಿಚ್ಚಿನ ಗುಂಡಿಯೊಳಗೆ ಇಳಿಯದಿದ್ದರೆ ದೇವರಿಗೂ ಸಂತೋಷ, ಮೋಟಾರಿಗೂ ಕ್ಷೇಮ. ಅದೇ ದಿನ ಬಾಡಿಯನ್ನು ಒರಗಿಸಿ, ತಳದ ಸೀಳುಗಳ ಧೂಳನ್ನು ಒಣ ಬ್ರಶ್ಶಿನಿಂದ ಗುಡಿಸಬಹುದು.

ಕೇಳುವವರು: ಓಡುತ್ತಿದ್ದ ಮಿಕ್ಸಿ ಇದ್ದಕ್ಕಿದ್ದಂತೆ ನಿಂತರೆ ಸುಟ್ಟಿತೆಂದೇ ತಿಳಿಯಬೇಕೇ?

ಹೇಳುವವರು: ಬೇಕಿಲ್ಲ. ಜಾರು ಸಿಕ್ಕಿಕೊಂಡಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ, ಆಗ ವೈಂಡಿಂಗ್ ಸುಡದಿರಲೆಂದು ಓವರ್‌ಲೋಡ್ ಎಂಬ ರಕ್ಷಕ ಸ್ವಿಚ್ಚು ಸಂಪರ್ಕವನ್ನು ಕಡಿಯುತ್ತದೆ. ಪ್ಲಗ್ಗು ಕಿತ್ತು, ಜಾರನ್ನು ಇಳಿಸಿ, ಹತ್ತು ಹದಿನೈದು ನಿಮಿಷ ತಣಿಯಲು ಬಿಟ್ಟು, ಬಾಡಿಯ ತಳದಲ್ಲಿ ಸಾಮಾನ್ಯವಾಗಿ ಕೆಂಪಾಗಿರುವ ಗುಂಡಿಯನ್ನು ಒತ್ತಿದರೆ ಯಂತ್ರ ಮತ್ತೆ ಓಡುತ್ತದೆ. ಆದರೆ ಸಿಕ್ಕಿಕೊಂಡ ಕಾರಣವನ್ನು ತೆಗೆಯದೆ ಗುಂಡಿಯನ್ನೇ ಪದೇ ಪದೇ ಒತ್ತುತ್ತಿದ್ದರೆ ರಕ್ಷಕನೂ ಸೋಲುತ್ತಾನೆ. ಮೋಟಾರು ಓಡುವ ಸದ್ದಿದ್ದು ಬ್ಲೇಡು ಮಾತ್ರ ತಿರುಗದಿದ್ದರೆ ಕಪ್ಲರ್‌ನ ಹಲ್ಲು ಸವೆದಿದೆ. ಬಿಟ್ಟು ಬಿಟ್ಟು ಓಡಿ ದೊಡ್ಡ ಕಿಡಿ ಹಾರಿದರೆ ಕಾರ್ಬನ್ ಮುಗಿದಿದೆ. ಅರಗು ಸುಟ್ಟಂಥ ವಾಸನೆಯೊಂದಿಗೆ ಹೊಗೆ ಬಂದರೆ ಮಾತ್ರ ವೈಂಡಿಂಗಿನ ಚಿಂತೆ.

ಕೇಳುವವರು: ಕಪ್ಲರನ್ನು ಮನೆಯಲ್ಲಿಯೇ ಬದಲಿಸಬಹುದೇ? ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿದವರೇ ಹೆಚ್ಚು.

ಹೇಳುವವರು: ಹೊರೆ ಬಿದ್ದಂತೆಲ್ಲ ತಾನಾಗಿಯೇ ಬಿಗಿಯಾಗುವಂತೆ ಅದರ ತಿರುಪಿನ ಸುರುಳಿಯನ್ನು ಕತ್ತರಿಸಿರುತ್ತಾರೆ, ಗೊಂದಲಕ್ಕೆ ಇದೇ ಕಾರಣ. ಬಾಡಿಯ ಮೇಲಿನ ಕಪ್ಲರನ್ನು, ಮೋಟಾರಿನ ಕಡ್ಡಿಯನ್ನು ಅಲ್ಲಾಡದಂತೆ ಹಿಡಿದು, ಮೋಟಾರು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಜಾರಿನ ತಳದ ಕಪ್ಲರನ್ನು, ಬ್ಲೇಡನ್ನು ದಪ್ಪ ಬಟ್ಟೆಯಲ್ಲಿ ಹಿಡಿದು, ಅದು ಓಡುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಬೇಕು. ಬುಶ್ಶಿನ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬಾರದು, ಅದನ್ನು ನೇರವಾಗಿ ಒತ್ತಿ ಕೂರಿಸಲು ಸಲಕರಣೆ ಬೇಕು.

ಕೇಳುವವರು: ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಎಕ್ಸ್‌ಚೇಂಜ್ ಮೇಳಗಳ ಕಾಲದಲ್ಲಿ ಒಂದು ಬುಶ್ಶಿಗಾಗಿ ಅಂಗಡಿ ಹುಡುಕುವ ಸಹನೆ ಯಾರಿಗಿದೆ?

ಹೇಳುವವರು: ಸಹನೆಗಿಂತಲೂ ಅಂಗಡಿಗಳೇ ಕಡಿಮೆಯಾಗುತ್ತಿವೆ. ಇಂದಿರಾನಗರದ ನೂರಡಿ ರಸ್ತೆಯ ಬಾಡಿಗೆಯನ್ನು ಬುಶ್ ಬದಲಿಸುವ ಸಂಪಾದನೆಯಿಂದ ಕಟ್ಟಲಾಗದು. ಆದರೂ ಹಲಸೂರಿನ ಬಜಾರು ಬೀದಿಯ ಆಸುಪಾಸಿನಲ್ಲಿಯೂ ಶಿವಾಜಿನಗರದ ಓಣಿಗಳಲ್ಲಿಯೂ ಕುಕ್ಕರ್, ಸ್ಟೌ, ಮಿಕ್ಸಿ ಎಂದು ಬೋರ್ಡು ಹಾಕಿಕೊಂಡ ಒಂದಂಕಣದ ಅಂಗಡಿಗಳು ಇನ್ನೂ ಉಳಿದಿವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲನ್ನು ತೆರೆದಿದೆಯಾದರೂ, ದಂಡು ಪ್ರದೇಶದ ಗೃಹಸ್ಥರಿಗೆ ಆ ಹಕ್ಕು ಕೈಗೆ ಸಿಗುವುದು ಇಂಥ ಅಂಗಡಿಯ ಮೆಟ್ಟಿಲ ಮೇಲೆಯೇ. ಮೋಟಾರು ಗಟ್ಟಿಯಾಗಿರುವ ಮಿಕ್ಸಿಯನ್ನು ಜಾರು ಸೋರಿತೆಂದು ಗುಜರಿಗೆ ಹಾಕುವುದು ಅವಿವೇಕ. ಸೋರುವ ಜಾರನ್ನು ಒಯ್ಯುವಾಗ ಬಾಡಿಯನ್ನೂ ಜೊತೆಗೆ ಒಯ್ಯಬೇಕು, ಎರಡು ಕಪ್ಲರುಗಳ ಹಲ್ಲು ಒಂದಕ್ಕೊಂದು ಕೂರುತ್ತದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಓಡಿಸಿ ನೋಡಬೇಕು. ಹೊಸ ಬುಶ್ಶಿನಲ್ಲಿ ಎಣ್ಣೆಯಿರುವುದರಿಂದ, ಮನೆಗೆ ತಂದ ಮೇಲೆ ಸೋಪಿನ ನೀರಿನಲ್ಲಿ ಒಮ್ಮೆ, ಬರಿಯ ನೀರಿನಲ್ಲಿ ಎರಡು ಸಲ ತಿರುಗಿಸಿ ಚೆಲ್ಲಿ, ಆಮೇಲೆಯೇ ಚಟ್ನಿಗೆ ಹಚ್ಚಬೇಕು.